ಕುಟ್ಟದಲ್ಲಿ ಉಂಗುರ ಬೇಗ ಬಂತು

2019ರ ಡಿಸೆಂಬರ್ 26. ಕೊಡಗಿನ ಕುಟ್ಟದಲ್ಲಿ ಕಂಕಣ ಗ್ರಹಣ ನೋಡೋಕೆ ನಿಂತಿದ್ದೆ. ಜೇಬಿನಲ್ಲಿ ಚೀಟಿ. ನಾನೇ ಬರೆದ ಪ್ರೋಗ್ರಾಂ ಕೊಟ್ಟ ಸಮಯ ಅದರಲ್ಲಿತ್ತು. ಚೀಟಿ ಪ್ರಕಾರ ಇನ್ನೂ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತಿದೆ, ಅಷ್ಟರಲ್ಲೇ ಪಕ್ಕದ ಹುಡುಗ "ಅಂಕಲ್, ಬಂತು!" ಅಂತ ಕೂಗಿದ. ಗ್ರಹಣದ ಕನ್ನಡಕ ಹಾಕಿ ನೋಡಿದರೆ ಉಂಗುರ ಆಗಲೇ ಕೂಡಿಕೊಂಡಿತ್ತು.

ಮನೆಗೆ ಬಂದು ಹುಡುಕಿದಾಗ ತಪ್ಪು ಸಿಕ್ಕಿತು. ಚಂದ್ರನ ಸೂತ್ರಗಳಿಗೆ ಒಂದೇ ಸಮ ಓಡುವ ಗಡಿಯಾರ ಬೇಕು. ನಾನು ಕೊಟ್ಟಿದ್ದು ಭೂಮಿಯ ತಿರುಗಾಟಕ್ಕೆ ಹೊಂದಿಸಿದ ಮಾಮೂಲಿ ಸಮಯ. ಇವೆರಡರ ಅಂತರವೇ ಡೆಲ್ಟಾ ಟಿ. ಆ ದಿನ ಅದು 69 ಸೆಕೆಂಡ್ ಚಿಲ್ಲರೆ. ಆದರೆ ನನ್ನ ತಪ್ಪು ಅದಕ್ಕಿಂತ ದೊಡ್ಡದಿತ್ತಲ್ಲ? ನೆರಳು ಓಡುವ ದಿಕ್ಕಿಗೇ ನಾವೂ ತಿರುಗುತ್ತಿರುತ್ತೇವೆ. ಲೆಕ್ಕದಲ್ಲಿ ಹಿಂದೆ ಬಿದ್ದ ನೆರಳು ನಮ್ಮನ್ನು ಹಿಡಿಯೋಕೆ ಇನ್ನಷ್ಟು ಹೊತ್ತು ತಗೊಳ್ಳುತ್ತೆ.

ಪರೀಕ್ಷೆಗೆ ಅಂತ ಕ್ರಿಸ್ತಪೂರ್ವ 136ರ ಏಪ್ರಿಲ್ 15ರ ಗ್ರಹಣ ಹಾಕಿದೆ. (ಪ್ರೋಗ್ರಾಮಿಗೆ -136 ಅಲ್ಲ, -135 ಕೊಡಬೇಕು. ಖಗೋಳ ಲೆಕ್ಕದಲ್ಲಿ ಕ್ರಿ.ಶ. 1ಕ್ಕೆ ಮೊದಲು ಸೊನ್ನೆ ವರ್ಷ ಅಂತ ಒಂದಿದೆ. ಇದಕ್ಕೇ ಒಂದು ಸಂಜೆ ಹೋಯಿತು.) ಅಂದು ಬ್ಯಾಬಿಲೋನ್‌ನಲ್ಲಿ ಸೂರ್ಯ ಪೂರ್ತಿ ಮುಚ್ಚಿ ಶುಕ್ರ, ಬುಧ ಕಾಣಿಸಿದವು ಅಂತ ಮಣ್ಣಿನ ಹಲಗೆಯಲ್ಲಿ ಬರೆದಿಟ್ಟಿದ್ದಾರೆ. ಡೆಲ್ಟಾ ಟಿ ಸೊನ್ನೆ ಇಟ್ಟರೆ ನೆರಳಿನ ದಾರಿ ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಜಾರಿತು! ಮೂರು ಗಂಟೆಗೂ ಮೀರಿದ ವ್ಯತ್ಯಾಸ. ಉಬ್ಬರವಿಳಿತದ ಎಳೆತಕ್ಕೆ ಭೂಮಿ ನಿಧಾನ ಆಗುತ್ತಾ ಬಂದಿದೆ. ಈ ಅವಧಿಯಲ್ಲಿ ದಿನ ಇಂದಿಗಿಂತ ಸರಾಸರಿ 15 ಮಿಲಿಸೆಕೆಂಡ್ ಚಿಕ್ಕದಿತ್ತು ಅಂದರೆ ಏನೂ ಅಲ್ಲ ಅನಿಸುತ್ತೆ, ಅಲ್ವಾ? ಸುಮಾರು 7.87 ಲಕ್ಷ ದಿನಕ್ಕೆ ಗುಣಿಸಿ ನೋಡಿ.

ಡೆಲ್ಟಾ ಟಿ ಸೇರಿಸಿದ ಮೇಲೆ ಹಳೆಯ ಗ್ರಹಣ ಸರಿಹೋಯಿತು, ಮುಂದಿನದು ಕೈಕೊಟ್ಟಿತು. 2005ರಿಂದ 2050ರವರೆಗಿನ ಡೆಲ್ಟಾ ಟಿ ಅಂದಾಜಿಗೆ ಹಲವರು ಬಳಸುವ ಒಂದು ಸೂತ್ರವಿದೆ. ನಾನೂ ಸುಮ್ನೆ ಅದನ್ನೇ ಹಾಕಿದ್ದೆ. 2025ಕ್ಕೆ ಅದು 74 ಸೆಕೆಂಡ್ ದಾಟುತ್ತೆ, ಅಳೆದದ್ದು ಸುಮಾರು 69. ನಡುವೆ ಭೂಮಿ ಸ್ವಲ್ಪ ಚುರುಕಾಗಿಬಿಟ್ಟಿದೆ. 2016ರ ಡಿಸೆಂಬರ್ 31ರ ನಂತರ ಲೀಪ್ ಸೆಕೆಂಡ್ (ಭೂಮಿಯ ತಿರುಗಾಟಕ್ಕೆ ಹೊಂದಿಸಲು ಗಡಿಯಾರಕ್ಕೆ ಕೊಡುವ ಹೆಚ್ಚುವರಿ ಒಂದು ಸೆಕೆಂಡ್) ಸೇರಿಸುವ ಪ್ರಮೇಯವೇ ಬಂದಿಲ್ಲ.

ಈಗ ಸೂತ್ರ ಕಿತ್ತುಹಾಕಿ, ಅಳೆದ ಅಂಕಿಗಳ ಪಟ್ಟಿಯಿಂದಲೇ ಓದಿಸುತ್ತೇನೆ. 2027ರ ಆಗಸ್ಟ್ 2ರ ಗ್ರಹಣದ ಲೆಕ್ಕ ತಯಾರಿದೆ. ಡೆಲ್ಟಾ ಟಿ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ, ಗ್ರಹಣಕ್ಕೆ ಒಂದು ವಾರ ಮೊದಲು ತುಂಬಿಸಿದರಾಯಿತು.