ಮಹಾಯೋಜನೆ ಬದಲಿಸುವ ಮುನ್ನ ನಾನು ಹಳೆಯ ಕಡತಗಳನ್ನು ಓದಿದೆ

ಯೋಜನಾ ಪ್ರಾಧಿಕಾರವೊಂದರಲ್ಲಿ ನಗರ ಯೋಜಕಿಯಾಗಿದ್ದಾಗ ಮಹಾಯೋಜನೆಯ, ಅಂದರೆ ಯಾವ ಜಮೀನನ್ನು ಯಾವುದಕ್ಕೆ ಬಳಸಬೇಕೆಂದು ಹೇಳುವ ಮಾಸ್ಟರ್ ಪ್ಲಾನ್‌ನ, ಪರಿಷ್ಕರಣೆಯ ಹೊಣೆ ನನಗೆ ಬಂತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13-ಡಿ ಪ್ರಕರಣವು 10 ವರ್ಷಕ್ಕೊಮ್ಮೆಯಾದರೂ ಹೊಸ ಸಮೀಕ್ಷೆ ನಡೆಸಿ ಪರಿಷ್ಕರಿಸುವ ಮಾತಾಡುತ್ತದೆ. ನಮ್ಮಲ್ಲಿ ಆ ಗಡುವು ಎಂದೋ ದಾಟಿತ್ತು.

ಹಳೆಯದನ್ನು ಮೊದಲು ರದ್ದು ಮಾಡೋಣ ಎಂಬ ಸಲಹೆ ಸಭೆಯಲ್ಲಿ ಬಂತು. ನಾನು ಒಪ್ಪಲಿಲ್ಲ. ಹೊಸದಕ್ಕೆ ಸರ್ಕಾರದ ಅಂತಿಮ ಅನುಮೋದನೆ ಸಿಗುವವರೆಗೆ ಹಳೆಯದು ಜಾರಿಯಲ್ಲಿರಲೇಬೇಕು. ಇಲ್ಲವಾದರೆ ಬಡಾವಣೆ ನಕ್ಷೆಯನ್ನು ಯಾವ ಅಳತೆಗೋಲಿನಿಂದ ಪರಿಶೀಲಿಸುವುದು?

ಹೊಸ ನಕ್ಷೆಯಲ್ಲಿ ಭೂ ಉಪಯೋಗಗಳನ್ನು ತೋರಿಸುವ ಬಣ್ಣ ಹಚ್ಚುವ ಮೊದಲು ಎರಡು ಪಟ್ಟಿ ಮಾಡಿದೆ. ಮೊದಲನೆಯದು ಅದೇ ಕಾಯ್ದೆಯ 14-ಎ ಪ್ರಕರಣದ ಅಡಿ ಆಗಿದ್ದ ಭೂ ಉಪಯೋಗ ಬದಲಾವಣೆಗಳದು. ಎರಡನೆಯದೇ ನನ್ನನ್ನು ಕಾಡಿದ್ದು: ಉದ್ಯಾನ, ರಸ್ತೆ ಎಂದು ಗುರುತಿಸಿ, ಸ್ವಾಧೀನಪಡಿಸಿಕೊಳ್ಳದೆ ಬಿಟ್ಟ ಜಮೀನುಗಳು. 69ನೇ ಪ್ರಕರಣದಂತೆ 5 ವರ್ಷದೊಳಗೆ ಒಪ್ಪಂದದಿಂದ ಪಡೆಯದೆ, ಸ್ವಾಧೀನ ಪ್ರಕ್ರಿಯೆಯನ್ನೂ ಆರಂಭಿಸದೆ ಹೋದರೆ ಆ ಗುರುತು ಬಿದ್ದುಹೋಗುತ್ತದೆ. ಆದರೆ ನಕ್ಷೆಯಲ್ಲಿ ಉದ್ಯಾನದ ಹಸಿರು ಬಣ್ಣ ಹಾಗೆಯೇ ಉಳಿದಿರುತ್ತದೆ. ಪಹಣಿ ಹಿಡಿದು ಬಂದ ವೃದ್ಧೆಯೊಬ್ಬರು, "ನನ್ನ ಮಗ ಮನೆ ಕಟ್ಟಬಹುದೋ ಇಲ್ಲವೋ, ಅಷ್ಟು ಹೇಳಮ್ಮ" ಎಂದರು. ವರ್ಷಗಳಿಂದ ಅವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಸ್ವಾಧೀನಕ್ಕೆ ಹಣ ತೋರಿಸಲಾಗದ ಜಾಗಕ್ಕೆ ಮತ್ತೆ ಹಸಿರು ಹಚ್ಚಬಾರದೆಂದು ಅಂದೇ ಟಿಪ್ಪಣಿ ಬರೆದೆ. ಉದ್ಯಾನ ಬೇಡವೆಂದಲ್ಲ, ಸರ್ಕಾರಿ ಜಮೀನನ್ನು ಮೊದಲು ಹುಡುಕಿ ಎಂದು.

ಗ್ರಾಮ ನಕ್ಷೆ ಕೈಯಲ್ಲಿ ಹಿಡಿದು ನಡೆದಾಗ ಇನ್ನೊಂದು ತಪ್ಪು ಸಿಕ್ಕಿತು. ಕೆರೆಗೆ ಸೇರುವ ಹಳ್ಳವೊಂದರ ಮೇಲೆಯೇ ವಸತಿಯ ಹಳದಿ ಬಣ್ಣ ಬಿದ್ದಿತ್ತು. ಅದನ್ನು ಸರಿಪಡಿಸಲು ಹೋದಾಗ ವಿರೋಧ ಜೋರಾಗಿತ್ತು, ಆದರೆ ನೀರಿನ ದಾರಿಯ ವಿಷಯದಲ್ಲಿ ನಾನು ಒಂದಡಿಯನ್ನೂ ಬಿಟ್ಟುಕೊಡಲಿಲ್ಲ.

ತಾತ್ಕಾಲಿಕ ಅನುಮೋದನೆ ಸಿಕ್ಕ ಮೇಲೆ ಸರ್ವೆ ನಂಬರ್ ಓದಲು ಬರುವಷ್ಟು ದೊಡ್ಡದಾಗಿ ಕನ್ನಡದಲ್ಲಿ ನಕ್ಷೆ ಮುದ್ರಿಸಿ ಪಂಚಾಯಿತಿಗಳಲ್ಲಿ ತೂಗುಹಾಕಿದೆವು. ಆಕ್ಷೇಪಣೆಗಳನ್ನು ಸರ್ವೆ ನಂಬರ್‌ವಾರು ಜೋಡಿಸಿದ್ದರಿಂದ ಒಂದೇ ಜಾಗದ ಬಗ್ಗೆ ಅಕ್ಕಪಕ್ಕದವರು ಹೇಳಿದ್ದು ಒಟ್ಟಿಗೆ ಕಂಡಿತು. ಹಿಂದೆ ಕ್ರಮಬದ್ಧವಾಗಿ ಪಡೆದ ಪರವಾನಗಿಗಳನ್ನು ಏನು ಮಾಡುವುದೆಂಬುದನ್ನು ಯಾವ ವಲಯದಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮಾವಳಿಯಲ್ಲೇ ಸ್ಪಷ್ಟವಾಗಿ ಬರೆಸಿದೆ.

ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದ ದಿನ ಹಳೆಯ ನಕ್ಷೆಯ ಮೂಲಪ್ರತಿಯ ಮೇಲೆ ಆ ದಿನಾಂಕ ಬರೆದು ದಾಖಲೆ ಕೊಠಡಿಗೆ ಕಳುಹಿಸಿದೆ. ಹಳೆಯ ಪರವಾನಗಿ ಹಿಡಿದು ಬರುವವರಿಗೆ ಅದನ್ನೇ ತೆಗೆದು ನೋಡಬೇಕಿತ್ತು.