ಅಪ್ಪನಿಗೂ ಒಂದು ಕೆಲಸ ಬಿಟ್ಟುಕೊಡಿ

ನಾನು ತುಮಕೂರು ಕಡೆಯ ಹಳ್ಳಿಯೊಂದರಲ್ಲಿ 19 ವರ್ಷದಿಂದ ಅಂಗನವಾಡಿ ಟೀಚರ್. ಮಕ್ಕಳ ತೂಕ ನೋಡುವ ದಿನ ಅಮ್ಮಂದಿರು ಬರುತ್ತಾರೆ, ಅಜ್ಜಿಯರೂ ಬರುತ್ತಾರೆ. ಅಪ್ಪಂದಿರು ಮಾತ್ರ ಬೈಕ್ ಆಫ್ ಮಾಡದೆ ಗೇಟಿನ ಹತ್ತಿರವೇ ನಿಂತಿರುತ್ತಾರೆ. ಒಳಗೆ ಕರೆದರೆ, "ಅವಳಿಗೇ ಹೇಳಿ ಮೇಡಂ, ಅವಳೇ ನೋಡ್ಕೊಳ್ಳೋದು" ಅನ್ನುತ್ತಾರೆ. ಇದು ಆ ಅಪ್ಪಂದಿರಿಗೆ ಬರೆದದ್ದು. ಅಮ್ಮಂದಿರೂ ಓದಿ.

ಐದು ವರ್ಷ ತುಂಬುವಷ್ಟರಲ್ಲಿ ಮಗುವಿನ ಮೆದುಳು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇ. 90ರಷ್ಟು ಬೆಳೆದುಬಿಟ್ಟಿರುತ್ತದೆ. ಅದಕ್ಕೆ ಊಟ, ನಿದ್ದೆ ಬೇಕು. ಜೊತೆಗೆ, ಕೂಗಿದರೆ ಓಗೊಡುವವರು ಬೇಕು. ಮಗು "ಆ" ಅಂದರೆ ಮುಖ ನೋಡಿ ನೀವೂ "ಆ" ಅನ್ನಿ. ಆಮೇಲೆ ಸುಮ್ಮನಿರಿ. ಅದು ಮತ್ತೆ ಏನಾದರೂ ಅನ್ನುವವರೆಗೆ ಕಾಯಿರಿ. ನಾವು ಸೋಲುವುದು ಈ ಕಾಯುವುದರಲ್ಲೇ. ನಾಯಿ ಕಡೆ ಬೆರಳು ತೋರಿಸಿದರೆ, "ಹೌದು ಕಣೋ, ನಾಯಿ. ಬಾಲ ಅಲ್ಲಾಡಿಸ್ತಿದೆ ನೋಡು" ಅನ್ನಿ. ಮಾತು ಕಲಿಯುವುದು ಹೀಗೇ.

ಇನ್ನು, ದಿನದ ಒಂದು ಕೆಲಸ ಪೂರ್ತಿಯಾಗಿ ಅಪ್ಪನದೇ ಆಗಲಿ. ಸ್ನಾನ ಅಂದರೆ ನೀರು ಹದ ಮಾಡುವುದರಿಂದ ಹಿಡಿದು ತಲೆ ಒರೆಸಿ ಬಟ್ಟೆ ಹಾಕುವವರೆಗೆ. ಅಂಗಿಯ ಗುಂಡಿ ಮೇಲೆ ಕೆಳಗಾದರೆ ಅಮ್ಮಂದಿರು ನೋಡಿಯೂ ಸುಮ್ಮನಿರಬೇಕು. "ಬಿಡಿ, ನಾನೇ ಹಾಕ್ತೀನಿ" ಅಂತ ಕಿತ್ತುಕೊಂಡರೆ ನಾಳೆ ಅವರು ಬಚ್ಚಲ ಕಡೆ ತಲೆ ಹಾಕುವುದಿಲ್ಲ. ಇದನ್ನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ.

ಎರಡೂವರೆ ವರ್ಷದ ಒಬ್ಬ ಹುಡುಗ ಬರುತ್ತಿದ್ದ. ಮಾತು ಕಮ್ಮಿ. ಅಪ್ಪ ಟೆಂಪೋ ಓಡಿಸುವವರು, ಮನೆಗೆ ಬರುವ ಹೊತ್ತಿಗೆ ಮಗು ಮಲಗಿರುತ್ತಿತ್ತು. ಬೆಳಿಗ್ಗೆ ಅರ್ಧ ಗಂಟೆ ಅವನ ಜೊತೆ ಕೂತ್ಕೊಳ್ಳಿ ಅಂದೆ. "ಕೂತು ಏನ್ಮಾಡ್ಲಿ?" ಅಂದರು. ಅದು ಅವರೆಕಾಯಿ ಕಾಲ. ನೆನೆಸಿದ ಕಾಳು ಹಿತುಕೋಕೆ ಕೂರಿಸ್ಕೊಳ್ಳಿ ಅಂದೆ. ಮಧ್ಯೆ ಒಂದು ಬೋಗುಣಿ. ಜಾರುವ ಕಾಳನ್ನು ಎರಡೇ ಬೆರಳಲ್ಲಿ ಹಿಡಿದು ಅದುಮಬೇಕು. ಮೊದಲ ದಿನ ಬೇಳೆ ಚಿಮ್ಮಿ ಅಪ್ಪನ ಕೆನ್ನೆಗೆ ಬಡಿಯಿತಂತೆ. "ಅಯ್ಯೋ, ಹಾರ್ತು!" ಅಂದರಂತೆ ಅಪ್ಪ. ಹುಡುಗ ಬಿದ್ದು ಬಿದ್ದು ನಕ್ಕನಂತೆ. ಎರಡು ವಾರ ಕಳೆದಿರಬೇಕು, ನಮ್ಮಲ್ಲಿ ಚೆಂಡು ಎಸೆದು "ಅಪ್ಪ, ಹಾರ್ತು!" ಅಂದ. ನನ್ನ ಕಣ್ಣು ತುಂಬಿ ಬಂತು. ಕಾಳು ಹಿಡಿದ ಆ ಎರಡು ಬೆರಳೇ ಮುಂದೆ ಬಳಪ ಹಿಡಿಯುವುದು, ಅಲ್ವಾ? ಒಂದು ಎಚ್ಚರ: ಕಾಳು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮಗುವನ್ನು ಒಂಟಿಯಾಗಿ ಬಿಟ್ಟು ಏಳಬೇಡಿ.

ಮೊಬೈಲ್ ಕೊಟ್ಟು ತುತ್ತು ತಿನ್ನಿಸುವುದು ಬೇಡ. ಎರಡು ವರ್ಷದೊಳಗೆ ಪರದೆ ಬೇಡ, ನಾಲ್ಕು ವರ್ಷದವರೆಗೂ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲ್ ತಾನೇ ಮಾತಾಡುತ್ತಾ ಹೋಗುತ್ತದೆ, ಮಗುವಿನ "ಆ"ಗೆ ಓಗೊಡುವುದಿಲ್ಲ. ದುಡಿಯಲು ಬೆಂಗಳೂರಿಗೆ ಹೋದ ಅಪ್ಪ ವಿಡಿಯೋ ಕಾಲ್ ಮಾಡುವುದು ಬೇರೆ ಮಾತು. ದಿನಾ ಒಂದೇ ಹೊತ್ತಿಗೆ ಮಾಡಿ.

ಹೆಸರು ಕರೆದರೆ 1 ವರ್ಷವಾದರೂ ತಿರುಗದಿದ್ದರೆ, 2 ವರ್ಷವಾದರೂ "ಅಮ್ಮ ಬಾ" ಎನ್ನುವಂತೆ ಎರಡು ಪದ ಜೋಡಿಸದಿದ್ದರೆ, "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಎಂದು ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ, ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳ ತಪಾಸಣೆ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಆ ದಿನ ಇಬ್ಬರೂ ಒಳಗೆ ಬನ್ನಿ. ಮಗು ಏನು ತಿನ್ನುತ್ತದೆ, ಹೇಗೆ ಆಡುತ್ತದೆ ಎಂದು ಡಾಕ್ಟರ್ ಕೇಳುತ್ತಾರೆ. ಅಮ್ಮನಿಗೆ ಹೊಳೆಯದ್ದು ಅಪ್ಪನಿಗೆ ಹೊಳೆಯಬಹುದು. ತಾಯಿ ಕಾರ್ಡ್, ಅಂದರೆ ತಾಯಿ-ಮಗುವಿನ ಆರೋಗ್ಯದ ವಿವರ ಬರೆಯುವ ಕಾರ್ಡ್, ಮರೆಯದೆ ತನ್ನಿ.