ಅಡಗಿದ ಲಿವರ್ ಗಡ್ಡೆಗೆ ಐಸಿಜಿ: ನನ್ನ ಅನುಭವ

ಐಸಿಜಿ (ಇಂಡೊಸಯನೈನ್ ಗ್ರೀನ್) ಅಂದರೆ ಆಪರೇಷನ್‌ಗೆ ಮುಂಚೆ ರಕ್ತನಾಳಕ್ಕೆ ಕೊಡುವ ಬಣ್ಣದ ಔಷಧಿ. ಲಿವರ್ ಅದನ್ನು ಪಿತ್ತಕ್ಕೆ ಬಿಟ್ಟ ಮೇಲೂ ಗಡ್ಡೆಯಲ್ಲಿ ಅಥವಾ ಅದರ ಸುತ್ತ ಉಳಿದು ವಿಶೇಷ ಕ್ಯಾಮೆರಾದಲ್ಲಿ ಹೊಳೆಯುತ್ತದೆ. "ನೋಡೋಕೆ ಚೆಂದ ಅಷ್ಟೇ, ಇದರಿಂದ ಆಪರೇಷನ್ ಏನೂ ಬದಲಾಗಲ್ಲ" ಎಂದು ನಮ್ಮ ಆಪರೇಷನ್ ಥಿಯೇಟರಿನಲ್ಲೇ (ಓಟಿ) ಹೇಳಿದವರಿದ್ದರು. ಮೊನ್ನೆ ಅವರೇ ಮಾನಿಟರ್ ಮುಂದೆ ಬಂದು ನಿಂತರು. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದ್ದ ಕೇಸ್. ಎಂಆರ್‌ಐಯಲ್ಲಿ ಕಂಡದ್ದು ಎರಡೇ ಗಡ್ಡೆ. ಸಣ್ಣ ರಂಧ್ರದ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಕೈಯಿಂದ ಒತ್ತಿ ನೋಡುವ ಹಾಗಿಲ್ಲ. ಕ್ಯಾಮೆರಾವನ್ನು ಐಸಿಜಿ ಮೋಡ್‌ಗೆ ಬದಲಿಸಿದೆವು. ಲಿವರಿನ ಆರನೇ ಸೆಗ್ಮೆಂಟಿನ (ಭಾಗದ) ಅಂಚಿನಲ್ಲಿ ಮೆಣಸಿನ ಕಾಳಿನಷ್ಟು ಒಂದು ಹಸಿರು ಉಂಗುರ! ಮಾಮೂಲಿ ಬೆಳಕಿನಲ್ಲಿ ಅಲ್ಲಿ ಏನೂ ಇಲ್ಲ. ತೆಗೆದು ಕಳಿಸಿದೆವು. ಪೆಥಾಲಜಿ ರಿಪೋರ್ಟ್ ಬಂತು, ಅದೂ ಮೆಟಾಸ್ಟಾಸಿಸ್, ಅಂದರೆ ಹರಡಿದ ಕ್ಯಾನ್ಸರ್.

ಇಲ್ಲಿಗೆ ಬರೋದು ಸುಲಭ ಇರಲಿಲ್ಲ. ಮೊದಲ ತಲೆನೋವು ದುಡ್ಡು. ಔಷಧಿ ದುಬಾರಿಯಲ್ಲ. 25 ಮಿಲಿಗ್ರಾಂ ಬಾಟ್ಲಿಗೆ ಸಾವಿರ ಚಿಲ್ಲರೆ ಕೊಟ್ಟ ನೆನಪು. ಕಣ್ಣಿನ ವಿಭಾಗದವರು ಆಂಜಿಯೋಗ್ರಫಿಗೆ ಹೇಗೂ ತರಿಸುತ್ತಿದ್ದರು, ಅವರಿಂದಲೇ ಇಸಿದುಕೊಂಡೆ. ಆ ಹೊಳಪು ತೋರಿಸುವ ಕ್ಯಾಮೆರಾ ಟವರ್‌ಗೆ ಮಾತ್ರ ಅರ್ಧ ಕೋಟಿಯ ಹತ್ತಿರ ಕೇಳಿದರು. ಲಿವರ್ ಒಂದರ ಹೆಸರಲ್ಲಿ ಕೊಟ್ಟ ಫೈಲ್ ತಿಂಗಳುಗಟ್ಟಲೆ ಮೇಜು ಬಿಟ್ಟು ಏಳಲಿಲ್ಲ. ಪಿತ್ತಕೋಶದವರು, ಕರುಳು ಜೋಡಿಸುವವರು, ಫ್ಲಾಪ್ (ಚರ್ಮ-ಮಾಂಸದ ಕಸಿ) ಮಾಡುವ ಪ್ಲಾಸ್ಟಿಕ್ ಸರ್ಜನ್, ಅವರಿಗೂ ಈ ಕ್ಯಾಮೆರಾ ಕೆಲಸಕ್ಕೆ ಬರುತ್ತದೆ ಎಂದು ಎಲ್ಲರ ಸಹಿ ಹಾಕಿಸಿದೆ. ಆಮೇಲೆ ಸ್ಯಾಂಕ್ಷನ್ ಆಯಿತು.

ಕ್ಯಾಮೆರಾ ಬಂದ ಮೇಲೆ ಇನ್ನೊಂದು ಕಷ್ಟ. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಗಂಟುಗಟ್ಟುವ ಕಾಯಿಲೆ) ಇದ್ದವರಿಗೆ ಹಿಂದಿನ ದಿನ ಇಂಜೆಕ್ಷನ್ ಕೊಟ್ಟರೆ ಇಡೀ ಲಿವರ್ ಹಸಿರು. ಗಡ್ಡೆ ಯಾವುದು, ಲಿವರ್ ಯಾವುದು ಗೊತ್ತಾಗದು. "ಇದಕ್ಕಾ ಇಷ್ಟು ದುಡ್ಡು ಸುರಿದಿದ್ದು?" ಎಂದು ಕೇಳಿಸಿಕೊಂಡೆ. ಟೋಕಿಯೊದ ಇಶಿಝಾವಾ ತಂಡ 2009ರಲ್ಲಿ ಬರೆದದ್ದನ್ನು ಮತ್ತೆ ತೆಗೆದು ಓದಿದೆ. ಅವರ ರೋಗಿಗಳಿಗೆ ಲಿವರ್ ಫಂಕ್ಷನ್ ಪರೀಕ್ಷೆಗೆಂದು ಕೆಜಿಗೆ 0.5 ಮಿಲಿಗ್ರಾಂ ಎಷ್ಟೋ ದಿನ ಮೊದಲೇ ಹೋಗಿತ್ತು. ಲಿವರ್ ಅದನ್ನು ಪಿತ್ತಕ್ಕೆ ಬಿಟ್ಟು ಖಾಲಿಯಾಗಲು ಟೈಮ್ ಬೇಕಲ್ವಾ? ಈಗ ಕರುಳಿನಿಂದ ಹರಡಿದ ಗಡ್ಡೆಗೆ 10 ಮಿಲಿಗ್ರಾಂ, ಒಂದೆರಡು ದಿನ ಮುಂಚೆ. ಸಿರೋಸಿಸ್‌ಗೆ ಒಂದು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಯಾರಿಗೆ ಎಷ್ಟು ದಿನ ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಇನ್ನಷ್ಟು ಕೇಸ್ ಆಗುವ ತನಕ ಅದನ್ನು ಹೊರಗೆ ಬಿಡುವುದಿಲ್ಲ. ಓಪನ್ ಕೇಸ್‌ನಲ್ಲಿ ಓಟಿ ಲೈಟ್ ಪೂರ್ತಿ ಆಫ್ ಮಾಡಿಸಿ. ಪಕ್ಕಕ್ಕೆ ತಿರುಗಿಸಿದರೆ ಸಾಲದು.

ನಡುವೆ, ಅಗ್ಗದ ಕ್ಯಾಮೆರಾದಲ್ಲೂ ಈ ಹೊಳಪು ಕಾಣುತ್ತದಾ ಅಂತ ಒಂದು ಪ್ರಯೋಗ ಮಾಡಿದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು ಸಿಸಿಟಿವಿ ಕ್ಯಾಮೆರಾ ತಂದು ಅದರ ಐಆರ್ (ಇನ್‌ಫ್ರಾರೆಡ್ ಬೆಳಕು) ತಡೆಯುವ ಫಿಲ್ಟರ್ ಕಿತ್ತೆ. 780 ನ್ಯಾನೊಮೀಟರ್ ಎಲ್‌ಇಡಿ, ಲೆನ್ಸ್ ಮುಂದೆ 830ರ ಫಿಲ್ಟರ್. ಹದಿನೈದು ಸಾವಿರದ ಒಳಗೇ ಆಯಿತು, ಅದರಲ್ಲಿ ಜಾಸ್ತಿ ಪಾಲು ಫಿಲ್ಟರ್‌ಗೇ. ರೋಗಿಯ ಹತ್ತಿರ ತರಲಿಲ್ಲ, ತೆಗೆದ ಲಿವರ್ ತುಂಡಿನ ಮೇಲೆ ಮಾತ್ರ ಹಿಡಿದೆ. ಹೋಳು ಮಾಡಿ ಇಟ್ಟರೆ ಉಂಗುರಕ್ಕೂ ಕೊಯ್ದ ಅಂಚಿಗೂ ಎಷ್ಟು ಅಂತರ ಇದೆ ಅಂತ ಅಲ್ಲೇ ಕಾಣುತ್ತದೆ. ರೋಗಿಯ ಲಿವರಿನಲ್ಲಿ ಕೊಯ್ದ ಜಾಗಕ್ಕೆ ಬಿಳಿ ಗಾಜ್ ಬಟ್ಟೆ ಒತ್ತಿ ನಮ್ಮ ಟವರ್ ಕ್ಯಾಮೆರಾದಲ್ಲಿ ನೋಡುವುದನ್ನೂ ರೂಢಿ ಮಾಡಿಕೊಂಡಿದ್ದೇನೆ. ಪಿತ್ತ ಸೋರುತ್ತಿದ್ದರೆ ಗಾಜ್ ಮೇಲೆ ಚುಕ್ಕೆ ಹೊಳೆಯುತ್ತದೆ.

ಅಲ್ಟ್ರಾಸೌಂಡ್ ಪ್ರೋಬ್ ಮಾತ್ರ ಮೂಲೆಗೆ ಇಡಬೇಡಿ. ಒಂದು ಸೆಂಟಿಮೀಟರಿಗಿಂತ ಆಳದಲ್ಲಿ ಇರೋದನ್ನು ಈ ಬೆಳಕು ತೋರಿಸುವುದಿಲ್ಲ. ಸಿರೋಸಿಸ್‌ನಲ್ಲಿ ಕ್ಯಾನ್ಸರ್ ಅಲ್ಲದ ಗಂಟುಗಳೂ ಹೊಳೆಯುತ್ತವೆ. ಅಂಥದ್ದು ಅಲ್ಟ್ರಾಸೌಂಡ್‌ನಲ್ಲೂ ಕಂಡರೆ ತೆಗೆಯುತ್ತೇನೆ. ಇಲ್ಲದಿದ್ದರೆ ಚೂರು ತೆಗೆದು, ಆಪರೇಷನ್ ನಡೆಯುವಾಗಲೇ ಮಾಡುವ ಫ್ರೋಜನ್ ಪರೀಕ್ಷೆ‌ಗೆ ಕಳಿಸಿ ಕಾಯುತ್ತೇನೆ.